ಅಕ್ಕ ಕೊಟ್ಟ ಗಿಡ ಮತ್ತು ನನ್ನ ನೀರಿನ ಮಗ್

ಅಕ್ಕ ಕೊಟ್ಟ ಸ್ನೇಕ್ ಪ್ಲಾಂಟ್ ಒಂದು ಬೆಳಿಗ್ಗೆ ಪಕ್ಕಕ್ಕೆ ವಾಲಿಕೊಂಡಿತ್ತು. ನೆಟ್ಟಗೆ ನಿಲ್ಲಿಸೋಣ ಅಂತ ಒಂದು ಎಲೆ ಹಿಡಿದೆ. ಎಲೆ ಕೈಗೇ ಬಂತು. ಬುಡ ಕೊಳೆತ ಹಣ್ಣಿನ ಹಾಗೆ ಮೆತ್ತಗಾಗಿತ್ತು. ಮೇಲಿನ ಅರ್ಧ ಮಾತ್ರ ಇನ್ನೂ ಗಟ್ಟಿಯಾಗಿ, ಹಸಿರಾಗಿ, ಅಂಚಿನ ಹಳದಿ ಪಟ್ಟಿಯ ಸಮೇತ ಚೆನ್ನಾಗೇ ಇತ್ತು. ಅದನ್ನು ನೋಡಿದಾಗಲೇ ಹೊಟ್ಟೆ ಹಿಂಡಿದ ಹಾಗಾಯಿತು.

ಕುಂಡ ಮಗುಚಿ ಹಾಕಿದೆ. ಬೇರುಗಳೆಲ್ಲ ಕಪ್ಪಾಗಿದ್ದವು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂತು. ಒಳಗೆ ಕೂದಲಿನಂಥ ಒಂದು ಎಳೆ ಅಷ್ಟೇ ಉಳಿಯಿತು. ಮಣ್ಣಿನಿಂದ ಚರಂಡಿಯ ವಾಸನೆ. ಚಂದಕ್ಕೆ ಅಂತ ಇಟ್ಟಿದ್ದ ಹೊರಗಿನ ಪಾಟ್‌ನ ತಳದಲ್ಲಿ ಎರಡು ಬೆರಳಷ್ಟು ನೀರು ನಿಂತಿತ್ತು. ಆ ಪಾಟ್‌ಗೆ ತೂತೇ ಇರಲಿಲ್ಲ.

ಆಗ ನಾನು ಎರಡು ದಿನಕ್ಕೊಮ್ಮೆ ಎಲ್ಲ ಗಿಡಕ್ಕೂ ಒಂದೊಂದು ಮಗ್ ನೀರು ಹಾಕುತ್ತಿದ್ದೆ. ಒಳಗಿನದು, ಹೊರಗಿನದು ಅಂತ ಭೇದ ಇರಲಿಲ್ಲ. ಈ ಗಿಡದ ಎಲೆ ಸುಕ್ಕಾದಾಗ ಬಾಯಾರಿಕೆ ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ. ಬೇರು ಕೊಳೆತ ಮೇಲೆ ಅದು ನೀರನ್ನು ಮೇಲಕ್ಕೆ ಎಳೆಯಲಾರದು. ಹಾಗಾಗಿ ಒದ್ದೆ ಮಣ್ಣಲ್ಲಿ ಕೂತೇ ಎಲೆ ಬಾಡುತ್ತದೆ. ನೋಡೋಕೆ ಥೇಟ್ ನೀರಿಲ್ಲದ ಗಿಡದ ಹಾಗೇ ಇರುತ್ತದೆ.

ಬೇರಿಗೂ ಉಸಿರಾಡೋಕೆ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿ ಆ ಗಾಳಿ ಇರುತ್ತದೆ. ಸದಾ ಒದ್ದೆಯಾಗಿದ್ದರೆ ಆ ಸಂದಿಗಳನ್ನು ನೀರೇ ತುಂಬಿಕೊಳ್ಳುತ್ತದೆ. ಬೇರು ಸೋಲುತ್ತದೆ, ಕೊಳೆ ರೋಗ ಹತ್ತುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಹಾಕಿದ್ದೆ. ಆದರೆ ಮೇಲಿನ ಸಣ್ಣ ಕಣಗಳ ಮಣ್ಣು ಪೂರ್ತಿ ನೆನೆಯುವವರೆಗೂ ನೀರನ್ನು ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಜಲ್ಲಿಯ ಮೇಲೇ ಒದ್ದೆ ಪದರ ನಿಲ್ಲುತ್ತದೆ, ಬೇರು ಇರುವ ಜಾಗ ಇನ್ನೂ ಕಡಿಮೆಯಾಗುತ್ತದೆ. ತಳದಲ್ಲಿ ತೂತು ಬೇಕು, ಮಣ್ಣು ಸಡಿಲ ಇರಬೇಕು. ಇದಕ್ಕೆ ಬೇರೆ ದಾರಿ ಇಲ್ಲ.

ಈಗ ನಾನು ವಾರದ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸುತ್ತೇನೆ. ತಂಪಾಗಿ, ಅಂಟಂಟಾಗಿ ಇದ್ದರೆ ಆ ದಿನ ನೀರಿಲ್ಲ. ಸಣ್ಣ ಕುಂಡವಾದರೆ ಎತ್ತಿ ನೋಡುತ್ತೇನೆ. ನೀರು ಕುಡಿದ ಕುಂಡ ಎಷ್ಟು ಭಾರ, ಒಣಗಿದ್ದು ಎಷ್ಟು ಹಗುರ ಅಂತ ನಾಲ್ಕೈದು ಸಲ ಎತ್ತಿದರೆ ಕೈಗೇ ಗೊತ್ತಾಗುತ್ತದೆ. ಸ್ನೇಕ್ ಪ್ಲಾಂಟ್‌ಗೆ ಮಾತ್ರ ಮಣ್ಣು ತಳದವರೆಗೂ ಒಣಗುವ ತನಕ ಕಾಯುತ್ತೇನೆ. ಅದರ ಎಲೆಯೇ ಒಂದು ನೀರಿನ ಚೀಲ.

ಮನೆಯೊಳಗೆ ನೀರು ಯಾಕೆ ಇಷ್ಟು ನಿಧಾನವಾಗಿ ಖರ್ಚಾಗುತ್ತದೆ? ಬೆಳಕಿನಿಂದ. ಹೊರಗೆ ನಡು ಮಧ್ಯಾಹ್ನದ ಬಿಸಿಲಲ್ಲಿ ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಇರುತ್ತದೆ. ಕಿಟಕಿಯಿಂದ ಎರಡು ಮೂರು ಮೀಟರ್ ಒಳಗೆ ಬಂದರೆ ಅದು ಕೆಲವೇ ನೂರಕ್ಕೆ ಇಳಿದಿರುತ್ತದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ, ಅದಕ್ಕೇ ರೂಮು ಬೆಳಕಾಗೇ ಇದೆ ಅನ್ನಿಸುತ್ತದೆ. ಗಿಡಕ್ಕೆ ಹಾಗಲ್ಲ. ಬೆಳಕು ಕಡಿಮೆಯಾದರೆ ಅದು ಆಹಾರ ಮಾಡುವುದೂ ಕಡಿಮೆ, ನೀರು ಕುಡಿಯುವುದೂ ಕಡಿಮೆ. ಕತ್ತಲೆ ಮೂಲೆಯಲ್ಲಿಟ್ಟು ಮಗ್ ತುಂಬಾ ನೀರು ಸುರಿದರೆ ಏನಾಗುತ್ತದೆ ಅಂತ ಅಕ್ಕನ ಗಿಡ ತೋರಿಸಿತು. ಈಗ ಒಳಗಿನ ಗಿಡಗಳೆಲ್ಲ ಕಿಟಕಿಯ ಹತ್ತಿರ ಬಂದಿವೆ. ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಅದು ಸಿಂಗಾರಕ್ಕಲ್ಲ, ಸಿಗುವ ಅಷ್ಟಿಷ್ಟು ಬೆಳಕು ಎಲೆಗೆ ತಲುಪಲಿ ಅಂತ.

ಇದನ್ನು ತಿಳಿದ ಉತ್ಸಾಹದಲ್ಲಿ ಮನಿ ಪ್ಲಾಂಟನ್ನು ಒಂದೇ ಸಲಕ್ಕೆ ಹೊರಗೆ ಬಿಸಿಲಿಗೆ ಇಟ್ಟೆ. ಒಂದೇ ಮಧ್ಯಾಹ್ನಕ್ಕೆ ಎಲೆಗಳ ಮೇಲೆ ಬಿಳಿ ಮಚ್ಚೆ ಬಿತ್ತು, ಆಮೇಲೆ ಅದೇ ಕಂದಾಗಿ ಕಾಗದದಂತಾಯಿತು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಒಳಗಿದ್ದ ಗಿಡವನ್ನು ಹೊರಗೆ ತರುವಾಗ ಮೊದಲು ನೆರಳು, ಆಮೇಲೆ ಬೆಳಗಿನ ಒಂದು ಗಂಟೆಯ ಎಳೆ ಬಿಸಿಲು, ಹೀಗೆ 7ರಿಂದ 10 ದಿನ ಅಭ್ಯಾಸ ಮಾಡಿಸಬೇಕು.

ಹೊರಗಿನ ಕುಂಡಗಳದ್ದು ಉಲ್ಟಾ ಕಥೆ. ಅವಕ್ಕೆ ನನ್ನ ಒಂದು ಮಗ್ ಸಾಲುತ್ತಲೇ ಇರಲಿಲ್ಲ. ಬಿಸಿಲು, ಗಾಳಿ ಎರಡೂ ಸೇರಿದರೆ ಸಣ್ಣ ಕುಂಡ ಒಂದೇ ದಿನದಲ್ಲಿ ಒಣಗುತ್ತದೆ. ಪೂರ್ತಿ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯನ್ನು ಬಿಟ್ಟುಕೊಂಡಿರುತ್ತದೆ. ಹಾಕಿದ ನೀರು ಆ ಸಂದಿಯಲ್ಲೇ ಹರಿದು ಕೆಳಗೆ ಬರುತ್ತದೆ. ನೀರು ಬಂತಲ್ಲ, ಸಾಕು ಅಂದುಕೊಳ್ಳುತ್ತೇವೆ, ಒಳಗೆ ಬೇರಿಗೆ ಹನಿಯೂ ಸಿಕ್ಕಿರುವುದಿಲ್ಲ. ಹಾಗಾದಾಗ ಕುಂಡವನ್ನೇ ಅರ್ಧ ಗಂಟೆ ನೀರಿನ ಟಬ್ಬಿನಲ್ಲಿ ಇಡುತ್ತೇನೆ. ಉಳಿದಂತೆ ಬೆಳಿಗ್ಗೆಯೇ, ನಿಧಾನವಾಗಿ, ತಳದಿಂದ ಇಳಿಯುವವರೆಗೆ ನೀರು. ಮೇಲೆ ಒಣ ಎಲೆಯ ಹೊದಿಕೆ.

ದಾಸವಾಳದ ಮೇಲೆ ಇರುವೆ ಸಾಲು ಕಂಡರೆ ಈಗ ಸುಮ್ನೆ ಬಿಡುವುದಿಲ್ಲ. ಮೊದಲ ಸಲ ಬಿಟ್ಟಿದ್ದೆ. ಇರುವೆ ಗಿಡಕ್ಕೇನು ಮಾಡುತ್ತದೆ, ಅಲ್ವಾ? ಅವು ಹೋಗುತ್ತಿದ್ದದ್ದು ಚಿಗುರಿನ ಸಂದಿಗೆ. ಅಲ್ಲಿ ಹತ್ತಿಯ ಚೂರಿನಂತೆ ಬಿಳಿ ಹಿಟ್ಟು ತಿಗಣೆ ಕೂತಿತ್ತು. ಅದು ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಇರುವೆಗೆ ಆ ಅಂಟು ಬೇಕು, ಅದಕ್ಕೇ ತಿಗಣೆಯನ್ನು ಕಾಯುತ್ತದೆ. ಜಾಸ್ತಿ ಹತ್ತಿದ ತುದಿಗಳನ್ನು ಕತ್ತರಿಸಿ ತೆಗೆದೆ, ಉಳಿದದ್ದನ್ನು ಪೈಪಿನ ನೀರಿನಲ್ಲಿ ಜೋರಾಗಿ ತೊಳೆದೆ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಮೂರು ಹನಿ ಮೆದು ಸೋಪಿನ ದ್ರವ ಹಾಕಿ ಚೆನ್ನಾಗಿ ಕಲಕಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ಸಿಂಪಡಿಸಿದೆ. ಮೊದಲು ಒಂದೇ ಎಲೆಗೆ ಹಾಕಿ ಒಂದು ದಿನ ನೋಡಿದ್ದೆ. ಮೊಟ್ಟೆಯಿಂದ ಹೊಸ ಮರಿಗಳು ಬರುತ್ತಲೇ ಇರುತ್ತವೆ, ಹಾಗಾಗಿ ವಾರಕ್ಕೊಮ್ಮೆಯಂತೆ ನಾಲ್ಕು ಸಲ ಬೇಕಾಯಿತು. ಹೊಸ ಗಿಡ ತಂದರೆ ಈಗ ಎರಡು ವಾರ ಬೇರೆಯಾಗೇ ಇಡುತ್ತೇನೆ.

ಇನ್ನು ಗೊಬ್ಬರ. ಸೊರಗಿದ ಗಿಡ ಕಂಡ ಕೂಡಲೇ ಗೊಬ್ಬರ ಹಾಕಬೇಡಿ. ಬೇರು ಕೆಟ್ಟಿದ್ದರೆ ಅದು ಇನ್ನಷ್ಟು ಸುಡುತ್ತದೆ. ಹೊಸ ಚಿಗುರು ಬರಲಿ, ಆಮೇಲೆ ಹಾಕಿ.

ಅವತ್ತು ಕೈಗೆ ಬಂದ ಎಲೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಕೊಳೆತ ಭಾಗ ಕತ್ತರಿಸಿ, ಗಟ್ಟಿ ಭಾಗವನ್ನು ಬೆರಳುದ್ದದ ನಾಲ್ಕು ತುಂಡು ಮಾಡಿದೆ. ಯಾವ ತುದಿ ಕೆಳಗಿನದು ಅಂತ ಪೆನ್ನಲ್ಲಿ ಗುರುತು ಹಾಕಿದೆ, ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲ. ಮೂರು ದಿನ ನೆರಳಲ್ಲಿ ಒಣಗಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟೆ. ಎರಡು ತುಂಡು ಹೋದವು. ಉಳಿದ ಎರಡರಲ್ಲಿ ಒಂದರ ಪಕ್ಕದಲ್ಲಿ ಸುಮಾರು ಮೂರು ತಿಂಗಳ ಮೇಲೆ ಮಣ್ಣು ಸ್ವಲ್ಪ ಉಬ್ಬಿತು, ಮೊನಚಾದ ಒಂದು ಮೊಳಕೆ ಹೊರಗೆ ಬಂತು. ಅದು ಬರೀ ಹಸಿರು, ಹಳದಿ ಅಂಚಿಲ್ಲ. ಎಲೆಯ ತುಂಡಿನಿಂದ ಹುಟ್ಟಿದ ಮರಿಗೆ ಆ ಅಂಚು ಬರುವುದಿಲ್ಲವಂತೆ. ಅಂಚು ಬೇಕಿದ್ದರೆ ತಾಯಿ ಗಿಡದ ಬುಡದಿಂದಲೇ ಮರಿ ಬಿಡಿಸಿ ನೆಡಬೇಕು.

ಅಕ್ಕನಿಗೆ ಫೋಟೋ ಕಳಿಸಿದೆ. "ಅಂಚು ಇರೋದು ನನ್ನ ಹತ್ರ ಇನ್ನೂ ಇದೆ ಕಣೇ, ಒಂದು ಮರಿ ಬಿಡಿಸಿ ಕೊಡ್ತೀನಿ" ಅಂದಳು. ಕೊಡಲಿ, ಪಕ್ಕದಲ್ಲೇ ಜಾಗ ಮಾಡಿದ್ದೇನೆ. ಈ ಹಸಿರು ಮರಿಯಲ್ಲಿ ಎರಡನೇ ಎಲೆ ಸುರುಳಿ ಬಿಚ್ಚುತ್ತಿದೆ. ಬೆಳಿಗ್ಗೆ ಮಣ್ಣು ಮುಟ್ಟಿ ನೋಡಿದೆ, ಇನ್ನೂ ತಂಪಾಗಿದೆ.