ಅತ್ತೆಯ ಐ10: ಗೇರ್‌ಬಾಕ್ಸ್ ಆಯಿಲ್ ಹೋದದ್ದೆಲ್ಲಿ?

ಗಾಡಿ: ಹ್ಯುಂಡೈ ಐ10, 1.2 ಕಪ್ಪಾ ಪೆಟ್ರೋಲ್ ಎಂಜಿನ್, 4 ಸ್ಪೀಡ್ ಆಟೋಮ್ಯಾಟಿಕ್, 2010ರ ಮಾಡೆಲ್. ಓಡಿರುವುದು 90 ಸಾವಿರ ಕಿ.ಮೀ. ಆಸುಪಾಸು. ಊರು ತುಮಕೂರು. ಗಾಡಿ ನನ್ನದಲ್ಲ, ಸೋದರತ್ತೆಯದು. ಎಡಮಂಡಿ ನೋವಿಗೆ ಕ್ಲಚ್ ತುಳಿಯೋಕಾಗದೆ ಆಟೋಮ್ಯಾಟಿಕ್ಕೇ ಬೇಕು ಅಂತ ಹಟ ಮಾಡಿ ತಗೊಂಡವರು. ಇವತ್ತಿಗೂ ಬಟವಾಡಿಯಿಂದ ಗುಬ್ಬಿವರೆಗೆ ಒಬ್ಬರೇ ಓಡಿಸಿಕೊಂಡು ಹೋಗಿಬರ್ತಾರೆ. ಈ ಗಾಡಿ ನಿಂತರೆ ಅವರ ಓಡಾಟವೂ ನಿಂತಂತೆ. ಅದಕ್ಕೇ ಈ ಕೆಲಸ ಕೈಗೆತ್ತಿಕೊಂಡೆ.

ತೊಂದರೆ

ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಲಿವರನ್ನು ಡಿ-ಗೆ (ಮುಂದಕ್ಕೆ ಓಡುವ ಸ್ಥಾನ) ಎಳೆದರೆ ಗೇರು ಕೂಡಲೇ ಹಿಡಿಯುವುದಿಲ್ಲ. ಅತ್ತೆ ಹೇಳಿದ್ದು: "ಮೊದಲೆಲ್ಲ ಡಿ-ಗೆ ಹಾಕ್ತಿದ್ದ ಹಾಗೇ ಒಂಚೂರು ಮುಂದಕ್ಕೆ ಜಗ್ಗೋದು ಕಣೋ. ಈಗ ಯೋಚ್ನೆ ಮಾಡಿ ಹೊರಡುತ್ತೆ." ದೇವರಾಯನದುರ್ಗದ ಏರಿನಲ್ಲಿ ನಾನೇ ಓಡಿಸಿ ನೋಡಿದೆ. ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಒಂದು ಕ್ಷಣ ಕಳೆದ ಮೇಲೆ ಎಳೆಯುತ್ತದೆ. ಇಳಿಯುವಾಗ ಏನೂ ಇಲ್ಲ.

"ಪರವಾಗಿಲ್ಲ" ಅಂತಲೋ "ಜಾಸ್ತಿ ಆಗಿದೆ" ಅಂತಲೋ ಹೇಳಿಕೊಂಡರೆ ಮುಂದೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಫೋನಿನ ಸ್ಟಾಪ್‌ವಾಚ್ ಹಿಡಿದು ಅಳೆದೆ. ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಬ್ರೇಕಿನ ಮೇಲಿಟ್ಟು, ಎನ್-ನಿಂದ (ನ್ಯೂಟ್ರಲ್) ಡಿ-ಗೆ ಹಾಕಿದ ಗಳಿಗೆಯಿಂದ ಗೇರು ಹಿಡಿದ ಜಗ್ಗು ಸಿಗುವವರೆಗೆ ಎರಡು ಸೆಕೆಂಡಿಗೂ ಮೇಲಾಯಿತು. ಹಲವು ಆಟೋಮ್ಯಾಟಿಕ್ ಗಾಡಿಗಳ ಕೈಪಿಡಿಗಳಲ್ಲಿ ಬಿಸಿ ಗೇರ್‌ಬಾಕ್ಸಿಗೆ ಡಿ-ಗೆ 1.2 ಸೆಕೆಂಡ್, ಆರ್-ಗೆ (ರಿವರ್ಸ್) 1.5 ಸೆಕೆಂಡ್ ಒಳಗೆ ಅಂತ ಇರುತ್ತದೆ. ತಣ್ಣಗಿರುವಾಗ ಸ್ವಲ್ಪ ಹೆಚ್ಚು ಕೊಟ್ಟರೂ ಇದು ಅತಿಯಾಯಿತು.

ಊರಿನ ಗ್ಯಾರೇಜುಗಳಲ್ಲಿ ವಿಚಾರಿಸಿದರೆ ಹೆಚ್ಚಿನವರ ಉತ್ತರ ಒಂದೇ: ಆಟೋಮ್ಯಾಟಿಕ್ಕಾ, ಬೆಂಗಳೂರಿಗೆ ತಗೊಂಡು ಹೋಗಿ. ಬಾಕ್ಸ್ ಬಿಚ್ಚುವ ಕೆಲಸಕ್ಕೆ ಅದು ಸರಿಯಾದ ಮಾತೇ. ಆದರೆ ಬಾಕ್ಸ್ ಬಿಚ್ಚುವ ಮೊದಲು ಆಯಿಲ್ ಮಟ್ಟ ನೋಡಬೇಕು, ಅದಕ್ಕೆ ಎಪ್ಪತ್ತು ಕಿಲೋಮೀಟರ್ ಹೋಗಬೇಕಿಲ್ಲ.

ಮಟ್ಟ ನೋಡಿದ್ದು

ಹಿಂದಿನ ಸಲ ಸರ್ವಿಸ್ ಮಾಡಿದ ಕಡೆ ಎಂಜಿನ್ ಆರಿಸಿ, ತಣ್ಣಗಿರುವಾಗಲೇ ಮಟ್ಟ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು "ಆಯಿಲ್ ಫುಲ್ ಇದೆ" ಅಂದಿದ್ದರಂತೆ. ಎಂಜಿನ್ ಆಯಿಲ್ ನೋಡುವ ಕ್ರಮ ಅದು. ಈ ಬಾಕ್ಸಿಗೆ ಅದು ನಡೆಯುವುದಿಲ್ಲ, ಕಾರಣ ಇದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪಂಪ್ ಎಂಜಿನ್ ತಿರುಗುವಾಗ ಮಾತ್ರ ಕೆಲಸ ಮಾಡುತ್ತದೆ. ಆಗ ಅದು ಚೇಂಬರಿನ (ಬಾಕ್ಸಿನ ತಳದಲ್ಲಿ ಆಯಿಲ್ ನಿಲ್ಲುವ ಜಾಗ) ಆಯಿಲನ್ನು ಎಳೆದು ಎಂಜಿನ್ನಿನ ಬಲವನ್ನು ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ, ಆಯಿಲನ್ನು ಬೇಕಾದ ಕಡೆ ಹಂಚುವ ವಾಲ್ವ್ ಬಾಡಿಗೆ, ಗೇರು ಹಿಡಿಸುವ ಕ್ಲಚ್ ಪ್ಯಾಕುಗಳಿಗೆ, ಆಯಿಲ್ ತಣ್ಣಗಾಗಿಸಲು ರೇಡಿಯೇಟರಿನೊಳಗೆ ಇರುವ ಕೂಲರಿಗೆ ತುಂಬುತ್ತದೆ. ಕೆಳಗೆ ಉಳಿಯುವುದು ಮಿಕ್ಕ ಆಯಿಲ್. ಎಂಜಿನ್ ಆರಿಸಿದರೆ ಒಂದಷ್ಟು ಹಿಂದಕ್ಕೆ ಇಳಿದು ಬಂದು ಕಡ್ಡಿಯ ಮೇಲೆ ಮಟ್ಟ ಏರಿ ಕಾಣುತ್ತದೆ. ಕಡಿಮೆ ಆಯಿಲ್ ಇದ್ದರೂ "ಫುಲ್" ಅಂತ ತೋರಿಸುವುದು ಹೀಗೆ.

ಇನ್ನೊಂದು ಬಿಸಿಯ ಲೆಕ್ಕ. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ, ಒಂದು ಡಿಗ್ರಿಗೆ ಸುಮಾರು ಶೇಕಡ 0.07ರಷ್ಟು. ಆರು ಲೀಟರ್ ಆಯಿಲ್ 25 ಡಿಗ್ರಿಯಿಂದ 80 ಡಿಗ್ರಿಗೆ ಹೋದರೆ ಹತ್ತಿರ ಹತ್ತಿರ ಕಾಲು ಲೀಟರ್ ಹೆಚ್ಚಿಗೆ ಕಾಣುತ್ತದೆ. ಕಡ್ಡಿಯ ಮೇಲೆ ಕೋಲ್ಡ್, ಹಾಟ್ ಅಂತ ಎರಡು ಗುರುತು ಇರುವುದು ಇದಕ್ಕೇ. ಕೋಲ್ಡ್ ಗುರುತು ಅಂದಾಜಿಗೆ ಮಾತ್ರ. ತೀರ್ಮಾನ ಹಾಟ್ ಗುರುತಿನ ಮೇಲೆ, ಅದೂ ಆಯಿಲ್ 70ರಿಂದ 80 ಡಿಗ್ರಿ ಇದ್ದಾಗ.

ಬಿಸಿ ಮಾಡಲು ದುರ್ಗದ ಏರಿಗೆ ಹೋಗಲಿಲ್ಲ. ಏರಿನಲ್ಲಿ ಕನ್ವರ್ಟರ್ ಅತಿಯಾಗಿ ಕಾಯುತ್ತದೆ, ಮಟ್ಟ ಮತ್ತೆ ತಪ್ಪು ತೋರಿಸುತ್ತದೆ. ಕ್ಯಾತಸಂದ್ರ ದಾಟಿ ಹೈವೇಯಲ್ಲಿ ಹಿರೇಹಳ್ಳಿವರೆಗೆ ನಿಧಾನವಾಗಿ ಹೋಗಿ ವಾಪಸ್ ಬಂದೆ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುವ ಆಸೆ ಇತ್ತು, ಬಾಕ್ಸ್ ತಣ್ಣಗಾಗಿಬಿಡುತ್ತದೆ ಅಂತ ಮುಂದೂಡಿದೆ. ಮನೆಗೆ ಬಂದು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಚೇಂಬರಿಗೆ ಹಿಡಿದರೆ 70ರ ಮೇಲೆ ತೋರಿಸಿತು.

ನೆಲ ಸಮವಿರಬೇಕು. ಅತ್ತೆ ಮನೆ ಕಾಂಪೌಂಡ್ ಕಣ್ಣಿಗೆ ಸಮವಾಗಿಯೇ ಕಾಣುತ್ತದೆ, ಆದರೆ ಎದುರುಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯ ರಸಮಟ್ಟ ಇಸಕೊಂಡು ಇಟ್ಟು ನೋಡಿದರೆ ಗೇಟಿನ ಕಡೆಗೆ ಇಳಿಜಾರು. ಮಳೆನೀರು ಹರಿಯಲಿ ಅಂತ ಮಾಡಿದ್ದು. ಒಳಗಡೆಯ ಶೆಡ್ಡಿನ ನೆಲ ಸರಿಯಿತ್ತು, ಅಲ್ಲೇ ನಿಲ್ಲಿಸಿದೆ.

ಕ್ರಮ ಇಷ್ಟು: ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಕಲ್ಲು, ಎಂಜಿನ್ ಐಡಲ್‌ನಲ್ಲಿ. ಕಾಲು ಬ್ರೇಕಿನ ಮೇಲಿಟ್ಟುಕೊಂಡು ಲಿವರನ್ನು ಪಿ, ಆರ್, ಎನ್, ಡಿ, 2, ಎಲ್ ಹೀಗೆ ಪ್ರತಿಯೊಂದರಲ್ಲೂ ಎರಡು ಮೂರು ಸೆಕೆಂಡ್ ನಿಲ್ಲಿಸಿ ವಾಪಸ್ ಪಿ-ಗೆ ತರುವುದು. ಇದರಿಂದ ಎಲ್ಲ ದಾರಿಗಳಿಗೂ ಆಯಿಲ್ ತುಂಬಿಕೊಳ್ಳುತ್ತದೆ. ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು, ಒರೆಸಿ, ಮತ್ತೆ ಪೂರ್ತಿ ಒಳಗೆ ಕೂರಿಸಿ ಎಳೆದು ನೋಡುವುದು. ಕಡ್ಡಿಯ ಎರಡೂ ಮಗ್ಗುಲು ನೋಡಬೇಕು. ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಒಂದು ಮಗ್ಗುಲಿಗೆ ಮೆತ್ತಿಕೊಂಡು ಹೆಚ್ಚು ತೋರಿಸುತ್ತದೆ, ಕಡಿಮೆ ತೋರಿಸುವ ಮಗ್ಗುಲೇ ನಿಜ. ಒರೆಸುವುದಕ್ಕೆ ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡವೇ ಬೇಡ. ಅದರ ಒಂದು ಎಳೆ ಒಳಗೆ ಹೋಗಿ ವಾಲ್ವ್ ಬಾಡಿಯ ಸಣ್ಣ ರಂಧ್ರಕ್ಕೆ ಸಿಕ್ಕಿಕೊಂಡರೆ ಹೊಸ ತೊಂದರೆ. ಎಳೆ ಬಿಡದ ನುಣುಪು ಬಟ್ಟೆ ಸಾಕು.

ಕಡ್ಡಿಯಲ್ಲಿ ಆಯಿಲ್ ಹಾಟ್ ಗುರುತಿನ ಕೆಳಗೆರೆಯನ್ನೂ ಮುಟ್ಟಿರಲಿಲ್ಲ.

ಇದು ಹ್ಯುಂಡೈ ಕ್ರಮ, ಎಲ್ಲ ಗಾಡಿಗೂ ಅಲ್ಲ. ಹೋಂಡಾದ ಸಾಮಾನ್ಯ ಆಟೋಮ್ಯಾಟಿಕ್‌ಗಳಲ್ಲಿ ಎಂಜಿನ್ ಬಿಸಿ ಮಾಡಿ, ಆರಿಸಿ, 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಹೊಸ ಗಾಡಿಗಳಲ್ಲಿ ಎಷ್ಟೋ ಸಲ ಕಡ್ಡಿಯೇ ಇರುವುದಿಲ್ಲ. ನಿಮ್ಮ ಗಾಡಿಯ ಪುಸ್ತಕ ತೆಗೆದು ನೋಡಿಯೇ ಮುಂದುವರಿಯಿರಿ.

ಆಯಿಲ್ ಹೇಗಿತ್ತು

ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಟ್ಟು ಕಾದೆ. ಅಗಲವಾಗಿ ಹರಡಿತು, ಬಣ್ಣ ಕೆಂಪು ಹೋಗಿ ಕಂದು ಕೆಂಪು. ನಡುವೆ ಕಪ್ಪು ಚುಕ್ಕೆ ಉಳಿಯಲಿಲ್ಲ, ಸುಟ್ಟ ವಾಸನೆ ಇಲ್ಲ. ಹಳೆಯದಾಗಿದೆ, ಕೆಟ್ಟಿಲ್ಲ. ಇಲ್ಲಿ ನನಗೆ ಸಮಾಧಾನವಾಯಿತು. ಸುಟ್ಟ ವಾಸನೆ ಬಂದಿದ್ದರೆ ಕ್ಲಚ್ ಪ್ಲೇಟಿನ ಪದರವೇ ಸುಟ್ಟಿದೆ ಅಂತ ಅರ್ಥ. ಸ್ಟ್ರಾಬೆರಿ ಮಿಲ್ಕ್‌ಶೇಕಿನ ಹಾಗೆ ತಿಳಿ ಗುಲಾಬಿಯಾಗಿದ್ದರೆ ಇನ್ನೂ ಕೆಟ್ಟದ್ದು: ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲಂಟ್ ಬೆರೆತಿದೆ, ಪದರಗಳನ್ನು ಹಿಡಿದಿಟ್ಟ ಅಂಟನ್ನೇ ಅದು ಬಿಡಿಸುತ್ತದೆ. ಆಗ ಗಾಡಿ ಓಡಿಸಲೇಬಾರದು.

ಹಾಕಿದ್ದು

ಈ ಬಾಕ್ಸಿಗೆ ಎಸ್‌ಪಿ-3 ದರ್ಜೆಯ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್). ಅಂಗಡಿಯಲ್ಲಿ ಮೊದಲು ಕೊಡಲು ಬಂದದ್ದು ಎಸ್‌ಪಿ-4, "ಹೊಸದು, ಇನ್ನೂ ಒಳ್ಳೇದು ಸಾರ್" ಅಂತ. ಅದು ನಂತರದ 6 ಸ್ಪೀಡ್ ಬಾಕ್ಸುಗಳಿಗೆ ಮಾಡಿದ್ದು, ಇದರ ಬದಲಿಗೆ ಹಾಕುವಂಥದ್ದಲ್ಲ. ಎಟಿಎಫ್ ಬರೀ ಜಾರಿಸುವ ಆಯಿಲ್ ಅಲ್ಲ. ಒತ್ತಡ ಸಾಗಿಸಬೇಕು, ಬಿಸಿ ಎಳೆಯಬೇಕು, ಕ್ಲಚ್ ಪ್ಲೇಟುಗಳು ಎಷ್ಟು ಜಾರಿ ಎಷ್ಟು ಹೊತ್ತಿಗೆ ಕಚ್ಚಿಕೊಳ್ಳಬೇಕು ಅನ್ನುವುದನ್ನೂ ಅದರಲ್ಲಿ ಬೆರೆಸಿದ ರಾಸಾಯನಿಕಗಳೇ ನಿರ್ಧರಿಸುತ್ತವೆ. ಜನರಲ್ ಮೋಟರ್ಸಿನ ಡೆಕ್ಸ್‌ರಾನ್ ಅನ್ನುವ ಹಳೆಯ ಎಟಿಎಫಿನಲ್ಲಿ ಈ ಕೆಲಸಕ್ಕೆ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಿದ್ದ ಮೇಲೆ ಬದಲಿ ಹುಡುಕುವುದಕ್ಕೆ ಬಹಳ ಕಷ್ಟಪಟ್ಟರು. ಈ ಆಯಿಲಿನಲ್ಲಿ ದರ್ಜೆ ಎಷ್ಟು ಮುಖ್ಯ ಅನ್ನುವುದಕ್ಕೆ ಇಷ್ಟು ಸಾಕು. ಎರಡು ಅಂಗಡಿ ಸುತ್ತಿ ಎಸ್‌ಪಿ-3ನ್ನೇ ತಂದೆ.

ಕಡ್ಡಿಯ ಕೊಳವೆಯಿಂದಲೇ ತುಂಬಬೇಕು, ಬೇರೆ ಬಾಯಿ ಇಲ್ಲ. ಏರ್ ಫಿಲ್ಟರಿನ ಪೈಪ್ ಅಡ್ಡ ಬರುತ್ತದೆ, ಸಣ್ಣ ಆಲಿಕೆಗೆ ಉದ್ದದ ಹೊಸ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿಕೊಂಡೆ. ಒಂದು ಸಲಕ್ಕೆ 200 ಮಿ.ಲೀ., ಅಳತೆ ಲೋಟದಲ್ಲಿ. ಹಾಕಿದ ತಕ್ಷಣ ಕಡ್ಡಿ ಎಳೆದರೆ ಒದ್ದೆ ಕೊಳವೆಯಿಂದಾಗಿ ಉದ್ದಕ್ಕೂ ಆಯಿಲ್ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಲಿವರನ್ನು ಮತ್ತೆ ಎಲ್ಲ ಸ್ಥಾನಗಳಿಗೂ ಓಡಿಸಿ, ಆಮೇಲೆ ನೋಡಿದೆ. ಒಟ್ಟು 600 ಮಿ.ಲೀ. ಹೋದ ಮೇಲೆ ಹಾಟ್ ಗುರುತಿನ ನಡುವೆ ಬಂತು. ಅಲ್ಲಿಗೆ ನಿಲ್ಲಿಸಿದೆ.

ಮೇಲಿನ ಗೆರೆವರೆಗೆ ತುಂಬಿಸುವ ಅವಸರ ಬೇಡ. ಕಡಿಮೆಯಾದರೆ ಪಂಪ್ ಗಾಳಿ ಎಳೆದುಕೊಂಡು ಒತ್ತಡ ಬೀಳುತ್ತದೆ. ಜಾಸ್ತಿಯಾದರೆ ತಿರುಗುವ ಗೇರುಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ಆಗಲೂ ಒತ್ತಡ ಬೀಳುತ್ತದೆ, ಬ್ರೀದರಿನಿಂದ (ಬಾಕ್ಸಿನ ಗಾಳಿ ಕಿಂಡಿ) ಆಯಿಲ್ ಉಕ್ಕುತ್ತದೆ. ಎರಡರ ಲಕ್ಷಣವೂ ಒಂದೇ, ಗೇರು ಜಾರುವುದು. ಜಾರುತ್ತಿದೆ ಅಂತ ಇನ್ನಷ್ಟು ಆಯಿಲ್ ಸುರಿದರೆ ಕೆಟ್ಟದ್ದು ಇನ್ನೂ ಕೆಡುತ್ತದೆ.

ಮಾರನೇ ದಿನ ಬೆಳಿಗ್ಗೆ ತಣ್ಣನೆಯ ಗಾಡಿಯಲ್ಲಿ ಸ್ಟಾಪ್‌ವಾಚ್: ಒಂದು ಸೆಕೆಂಡ್ ಆಸುಪಾಸು. ಅತ್ತೆಗೆ ಇಷ್ಟಕ್ಕೇ ಸಂತೋಷ. "ಸರಿಹೋಯ್ತಲ್ಲ, ಸಾಕು ಬಿಡು" ಅಂದರು. ನನಗೆ ಸಾಕಾಗಲಿಲ್ಲ.

ಹೋದದ್ದೆಲ್ಲಿ

ಎಂಜಿನ್ ಆಯಿಲ್ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಸ್ವಲ್ಪ ಉರಿದು ಹೋಗಬಹುದು. ಗೇರ್‌ಬಾಕ್ಸಿನ ಆಯಿಲಿಗೆ ಉರಿಯುವ ಜಾಗವೇ ಇಲ್ಲ, ಅದು ಮುಚ್ಚಿದ ಪೆಟ್ಟಿಗೆಯೊಳಗೆ ಸುತ್ತುವ ಆಯಿಲ್. 600 ಮಿ.ಲೀ. ಕಮ್ಮಿಯಾಗಿದೆ ಅಂದರೆ ಎಲ್ಲೋ ಹೊರಗೆ ಹೋಗಿದೆ. ತುಂಬಿಸಿ ಸುಮ್ಮನಾದರೆ ಮತ್ತೆ ಹೋಗುತ್ತದೆ, ಮುಂದಿನ ಸಲ ಅತ್ತೆ ಒಬ್ಬರೇ ಗುಬ್ಬಿ ದಾರಿಯಲ್ಲಿರುವಾಗ ಗೊತ್ತಾಗುತ್ತದೆ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಶೆಡ್ಡಿನ ನೆಲದ ಮೇಲೆ ಹನಿ ಇರಲಿಲ್ಲ. ಹಾಗಾಗಿ ಗಾಡಿ ನಿಂತಾಗ ಅಲ್ಲ, ಓಡುವಾಗ ಒತ್ತಡದಲ್ಲಿ ಸೋರುತ್ತಿರಬೇಕು ಅಂದುಕೊಂಡೆ. ಗಾಡಿಯ ಮುಂದಿನ ಭಾಗ ಎತ್ತಿ ಸ್ಟ್ಯಾಂಡ್ ಕೊಟ್ಟೆ (ಬರೀ ಜಾಕ್ ನಂಬಿ ಯಾರೂ ಕೆಳಗೆ ನುಸುಳಬೇಡಿ). ಬಾಕ್ಸಿನ ಕೆಳಗೆಲ್ಲ ಕೆಮ್ಮಣ್ಣು, ಆಯಿಲ್, ಧೂಳು ಸೇರಿ ಗಟ್ಟಿ ಕಿಟ್ಟ. ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಅನುಮಾನ ಇದ್ದ ಕಡೆಯೆಲ್ಲ ಮುಖದ ಪೌಡರ್ ಉದುರಿಸಿದೆ: ಚೇಂಬರಿನ ಅಂಚು, ಚಕ್ರ ತಿರುಗಿಸುವ ಎರಡೂ ಡ್ರೈವ್ ಶಾಫ್ಟಿನ ಆಯಿಲ್ ಸೀಲ್, ಕೂಲರಿನ ಎರಡು ಹೋಸ್ ಪೈಪುಗಳ ತುದಿ. ಆಮೇಲೆ ಗಾಡಿಯನ್ನು ಹೈವೇಗೆ ತೆಗೆದುಕೊಂಡು ಹೋಗಿ ಬಂದೆ.

ರೇಡಿಯೇಟರಿನ ಕೆಳ ತುದಿಗೆ ಕೂಡುವ ಹೋಸಿನ ಬಾಯಲ್ಲಿ ಪೌಡರ್ ಕೆಂಪಾಗಿತ್ತು. ಎಟಿಎಫಿಗೆ ಕೆಂಪು ಬಣ್ಣ ಹಾಕುವುದರ ಉಪಯೋಗ ಇಲ್ಲಿ ಕಣ್ಣಾರೆ ಕಂಡೆ, ಎಂಜಿನ್ ಆಯಿಲ್ ಅಥವಾ ಕೂಲಂಟ್ ಇರಬಹುದೇ ಅನ್ನುವ ಗೊಂದಲವೇ ಇಲ್ಲ. ಹೋಸ್ ಒತ್ತಿ ನೋಡಿದರೆ ಗಟ್ಟಿ, ಬಾಗಿಸಿದರೆ ತುದಿಯಲ್ಲಿ ಸಣ್ಣ ಬಿರುಕು. ಸ್ಪ್ರಿಂಗ್ ಕ್ಲಾಂಪಿನ ಹಿಡಿತವೂ ಸಡಿಲ. ಹೈವೇ ಓಟದಲ್ಲಿ ಸಣ್ಣಗೆ ಜಿನುಗಿ ಗಾಳಿಗೆ ಹಿಂದಕ್ಕೆ ಹಾರಿ ಕ್ರಾಸ್‌ಮೆಂಬರಿನ (ಗಾಡಿಯ ಕೆಳಗಿನ ಅಡ್ಡ ತೊಲೆ) ಮೇಲೆ ಹರಡುತ್ತಿತ್ತು. ನೆಲಕ್ಕೆ ಬೀಳದ್ದು ಅದಕ್ಕೇ.

ಹೋಸ್ ಬದಲು

ಅಂಗಡಿಯವರು ಅದೇ ಅಳತೆಯ ನೀರಿನ ಹೋಸ್ ಕೊಟ್ಟರೆ ತಗೊಳ್ಳಬೇಡಿ. ಕೂಲಂಟ್ ಹೋಸುಗಳು ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನವು, ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತವೆ. ಬೇಕಾದದ್ದು ಬಿಸಿ ಎಟಿಎಫ್ ತಡೆಯುವ ಕೂಲರ್ ಹೋಸ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಥ ಎರಡು ಹೋಸೂ ಸಿಕ್ಕವು, ಜೊತೆಗೆ ಹೊಸ ಕ್ಲಾಂಪ್. ಒಂದೇ ಸೋರುತ್ತಿದ್ದರೂ ಎರಡನ್ನೂ ಬದಲಾಯಿಸಿದೆ, ವಯಸ್ಸು ಎರಡಕ್ಕೂ ಒಂದೇ. ಬಿಚ್ಚುವಾಗ ರೇಡಿಯೇಟರಿನ ನಳಿಕೆಯನ್ನು ತಿರುಚದ ಹಾಗೆ ಎಚ್ಚರ ವಹಿಸಿದೆ. ಹಳೆ ಹೋಸನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯುವುದು ಎಳೆದಾಡುವುದಕ್ಕಿಂತ ಒಳ್ಳೆಯದು.

ಹೋಸ್ ಕಳಚಿದ್ದಾಗಲೇ ಚೇಂಬರಿನ ಡ್ರೈನ್ ಬೋಲ್ಟನ್ನೂ ಬಿಚ್ಚಿ ಹಳೆ ಆಯಿಲ್ ಇಳಿಸಿದೆ. ಪೂರ್ತಿ ಬರುವುದಿಲ್ಲ, ದೊಡ್ಡ ಪಾಲು ಟಾರ್ಕ್ ಕನ್ವರ್ಟರಿನಲ್ಲೇ ಉಳಿಯುತ್ತದೆ. ಇಳಿದದ್ದನ್ನು ಅಳೆದು, ಅಷ್ಟೇ ಹೊಸದು ಹಾಕಿ, ಮತ್ತೆ ಬಿಸಿ ಮಾಡಿ ಮಟ್ಟ ಸರಿಮಾಡಿದೆ. ತಟ್ಟೆಯಲ್ಲಿದ್ದ ಹಳೆ ಆಯಿಲಿನೊಳಗೆ ಅಯಸ್ಕಾಂತ ಆಡಿಸಿದಾಗ ನುಣ್ಣನೆಯ ಬೂದು ಪುಡಿ ಮಾತ್ರ ಅಂಟಿತು, ಚೂರುಗಳಿಲ್ಲ. ಈ ವಯಸ್ಸಿಗೆ ಅದು ಸಹಜ. ಹಳೆ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಅಂತರಸನಹಳ್ಳಿಯ ಒಂದು ಗ್ಯಾರೇಜಿಗೆ ಕೊಟ್ಟೆ, ಅವರಲ್ಲಿ ಹಳೆ ಆಯಿಲ್ ಒಯ್ಯುವವರು ಬರುತ್ತಾರೆ. ನಮ್ಮೂರಿನ ಮೋರಿಗಳ ನೀರು ಕಡೆಗೆ ಸೇರುವುದು ಕೆರೆಗಳಿಗೆ, ದಯವಿಟ್ಟು ಮೋರಿಗೆ ಸುರಿಯಬೇಡಿ.

ಈಗಿನ ಸ್ಥಿತಿ

ದೇವರಾಯನದುರ್ಗದ ಏರನ್ನು ಅತ್ತೆಯೇ ಓಡಿಸಿದರು, ನಾನು ಪಕ್ಕದಲ್ಲಿ. ತಿರುವುಗಳಾದ ಮೇಲೆ ಎಂಜಿನ್ ಬರಿದೇ ಕೂಗುವುದು ನಿಂತಿದೆ. ಎರಡರಿಂದ ಮೂರಕ್ಕೆ ಬದಲಾಗುವಾಗ ಇನ್ನೂ ಒಂದು ಸಣ್ಣ ಕುಲುಕು ಇದೆ. ಕನ್ವರ್ಟರಿನಲ್ಲಿ ಉಳಿದ ಹಳೆ ಆಯಿಲ್ ಕಾರಣವೇ ಅಂತ ತಿಳಿಯಲು ಇನ್ನೊಂದು ಸಲ ಇಳಿಸಿ ತುಂಬಬೇಕು, ಅದಕ್ಕೆ ಬೇಕಾದ ಎಸ್‌ಪಿ-3 ತಂದಿಟ್ಟಿದ್ದೇನೆ. ಹೋಸಿನ ತುದಿಗಳು ಒಣಗಿವೆ, ಕಡ್ಡಿಯ ಮಟ್ಟ ಹಾಟ್ ಗುರುತಿನ ನಡುವೆಯೇ ನಿಂತಿದೆ.

ಎಡಗಡೆ ಡ್ರೈವ್ ಶಾಫ್ಟಿನ ಸೀಲಿನ ಹತ್ತಿರ ಪೌಡರ್ ತುಸು ಒದ್ದೆಯಾದ ಹಾಗಿತ್ತು, ಹನಿಗಟ್ಟಿರಲಿಲ್ಲ. ಆ ಕಡೆಯ ಸಿವಿ ಜಾಯಿಂಟಿನ (ಶಾಫ್ಟಿನ ತುದಿಯ ಬಾಗುವ ಕೀಲು) ರಬ್ಬರ್ ಬೂಟೂ ಹಳೆಯದೇ. ಶಾಫ್ಟ್ ಹೊರಗೆ ತೆಗೆಯುವ ಕೆಲಸ ಬಂದಾಗ ಸೀಲು, ಬೂಟು ಎರಡನ್ನೂ ಒಟ್ಟಿಗೆ ಹಾಕಿಸುತ್ತೇನೆ. ಅಲ್ಲಿಯವರೆಗೆ ಪ್ರತಿ ತಿಂಗಳು ಶೆಡ್ಡಿನಲ್ಲಿ ಬಿಸಿ ಗಾಡಿಯ ಕಡ್ಡಿ ನೋಡಿ ಬರೆದಿಡುವುದು ನನ್ನ ಪಾಲಿಗೆ, ಡಿ-ಗೆ ಹಾಕಿದಾಗ ಜಗ್ಗು ತಡವಾದರೆ ಆ ದಿನವೇ ಫೋನ್ ಮಾಡುವುದು ಅತ್ತೆಯ ಪಾಲಿಗೆ.