ಡಿಸ್ಕಸ್ ಮೀನು ಸಾಕೋರಿಗೆ ನಾಲ್ಕಡಿ ಟ್ಯಾಂಕೇ ಯಾಕೆ?

ಅಂಗಡಿಯಲ್ಲಿ ಎರಡಿಂಚಿನ ಡಿಸ್ಕಸ್ ಮರಿ ನೋಡಿ ಎರಡಡಿ ಟ್ಯಾಂಕ್ ಸಾಕು ಅಂತ ತೀರ್ಮಾನಿಸಬೇಡಿ. ಚೆನ್ನಾಗಿ ಬೆಳೆದರೆ ಅದು ಆರೇಳು ಇಂಚಿನ, ತಟ್ಟೆಯಂಥ ಮೀನು. ಅದೂ ಅಮೆಜಾನ್ ಕಣಿವೆಯಲ್ಲಿ ಗುಂಪಾಗಿ ಬದುಕುವ ಜಾತಿ. ಟ್ಯಾಂಕಿಗೆ ಎರಡು ಮೂರನ್ನು ಮಾತ್ರ ಬಿಟ್ಟರೆ ಜೋರಿರುವ ಒಂದು ಮಿಕ್ಕವನ್ನು ಮೂಲೆಗೆ ಅಟ್ಟುತ್ತದೆ. ಪೆಟ್ಟು ತಿಂದದ್ದು ಕಪ್ಪಿಟ್ಟು, ಮೈಮೇಲೆ ಮೇಲಿಂದ ಕೆಳಕ್ಕೆ ಪಟ್ಟೆ ಮೂಡಿಸಿಕೊಂಡು, ಹೀಟರ್ ಹಿಂದೆ ನಿಂತುಬಿಡುತ್ತದೆ. ಊಟ ಹಾಕಿದರೂ ಮುಂದೆ ಬರುವುದಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತೆ. ಹಾಗಾಗಿ ಕನಿಷ್ಠ ಐದಾರು ಮೀನು ಬೇಕೇ ಬೇಕು.

ದೊಡ್ಡ ಮೀನೊಂದಕ್ಕೆ ಸುಮಾರು 40 ಲೀಟರ್ ನೀರು ಅಂತ ನಾನು ಹಿಡಿಯುತ್ತೇನೆ. ಆರಕ್ಕೆ 240 ಆಯಿತು. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ನಮ್ಮ ಮನೆಯ ಟ್ಯಾಂಕ್ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿದರೂ 300 ಲೀಟರ್ ಹಿಡಿಯುತ್ತದೆ. ಡಿಸ್ಕಸ್ ಮೈ ಎತ್ತರಕ್ಕೆ ಬೆಳೆಯುವುದರಿಂದ ಒಂದೂವರೆ ಅಡಿಗಿಂತ ಕಡಿಮೆ ಎತ್ತರದ್ದು ನನಗಂತೂ ಒಪ್ಪಿಗೆಯಿಲ್ಲ.

ಇನ್ನೊಂದು ಲಾಭ ಇದೆ. ಇವಕ್ಕೆ 28ರಿಂದ 30 ಡಿಗ್ರಿ ಬಿಸಿ ಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿ ಕರೆಂಟ್ ಹೋದರೆ ಸಣ್ಣ ಟ್ಯಾಂಕ್ ಬೇಗ ತಣ್ಣಗಾಗುತ್ತದೆ, ದೊಡ್ಡದು ತಡೆದುಕೊಳ್ಳುತ್ತದೆ. ಕೊಳೆ ಏರುವುದೂ ನಿಧಾನ. ಆದರೆ ನೀರಿನ ತೂಕವೇ 300 ಕಿಲೋ ಆಗುವುದರಿಂದ ಗಟ್ಟಿ ಕಬ್ಬಿಣದ ಸ್ಟ್ಯಾಂಡನ್ನೇ ಮಾಡಿಸಿ. ನೀರು ಬದಲಿಸಲು ಪಕ್ಕದಲ್ಲೇ ಒಂದು ಡ್ರಮ್ಮಿಗೂ ಜಾಗ ನೋಡಿಟ್ಟುಕೊಳ್ಳಿ.