ಅಪ್ಪನಿಗೆ ಬಂದ ಕಾಗದ

ಮಂಗಳವಾರ ಅಪ್ಪ ಲೈಬ್ರರಿ ಕೌಂಟರಿನ ಮೇಲೆ ಪಾಸ್‌ಪೋರ್ಟ್, ಪೆನ್ಷನ್ ಬುಕ್ಕಿನ ಜೆರಾಕ್ಸು, ಆಧಾರ್ ಕಾರ್ಡು, ಎರಡು ಫೋಟೋ ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಬೇಕಿದ್ದದ್ದು ಒಂದು ಲೈಬ್ರರಿ ಕಾರ್ಡು, ಅಷ್ಟೇ. ಕೌಂಟರಿನಲ್ಲಿದ್ದ ಹೆಂಗಸಿಗೆ ಹೆಚ್ಚುಕಡಿಮೆ ಅಪ್ಪನದೇ ವಯಸ್ಸು. ಪಾಸ್‌ಪೋರ್ಟ್ ಒಂದನ್ನು ನೋಡಿ ಮಿಕ್ಕಿದ್ದನ್ನೆಲ್ಲ ಮೆಲ್ಲಗೆ ವಾಪಸ್ ಸರಿಸಿದರು.

"ನೀವು ಇಲ್ಲಿ ವಾಸ ಇದ್ದೀರಾ?"

"ಇಲ್ಲ ಇಲ್ಲ, ಆರು ತಿಂಗಳಿಗೆ ಬಂದಿದ್ದೀನಿ. ಮಗಳ ಮನೆ."

"ರಾತ್ರಿ ಮಲಗೋದೆಲ್ಲಿ?"

"ಮಗಳ ಮನೇಲೇ."

"ಹಾಗಾದ್ರೆ ಇಲ್ಲೇ ವಾಸ ಇದ್ದೀರಿ."

ಅಪ್ಪ ನನ್ನ ಮುಖ ನೋಡಿದರು. ಏರ್‌ಪೋರ್ಟಿನಲ್ಲಿ ಹತ್ತು ಸಲ "ನಾನು ಇಲ್ಲಿ ಇರೋಕೆ ಬಂದವನಲ್ಲ" ಅಂತ ಹೇಳಿ ಬಂದ ಮನುಷ್ಯ ಅವರು.

ಆಮೇಲೆ ಆಕೆ, ಈ ವಿಳಾಸಕ್ಕೆ ನಿಮ್ಮ ಹೆಸರಿಗೆ ಬಂದ ಯಾವುದಾದರೂ ಕಾಗದ ತನ್ನಿ, ಅಂಚೆ ಮುದ್ರೆ ಇದ್ದರೆ ಸಾಕು ಅಂದರು. ದಾರಿಯುದ್ದಕ್ಕೂ ಅಪ್ಪನದು ಒಂದೇ ಪಲ್ಲವಿ: "ನಂಗೆ ಇಲ್ಲಿ ಯಾರೇ ಕಾಗದ ಬರೀತಾರೆ?" ನನ್ನ ಗಂಡ, "ನಮ್ಮ ಕಾರ್ಡಲ್ಲೇ ಪುಸ್ತಕ ತಗೊಳ್ಲಿ, ಇದೆಲ್ಲ ಯಾಕೆ" ಅಂದ. ಒಳ್ಳೆಯವನೇ, ಆದರೆ ಎಲ್ಲವನ್ನೂ ಸುಲಭ ಮಾಡೋಕೆ ಹೋಗಿ ಮಜಾ ಕೆಡಿಸ್ತಾನೆ. ಎಂಟು ವರ್ಷದ ಮಗಳು ಮಾತ್ರ ಏನೂ ಹೇಳದೆ ಒಳಗೆ ಹೋಗಿ, ಏನೋ ಬರೆದು, ಕವರಿಗೆ ಹಾಕಿ ಅಂಟಿಸಿ, ಸ್ಟಾಂಪ್ ಹಚ್ಚಿ, ಬೀದಿ ತುದಿಯ ಡಬ್ಬಿಗೆ ಹಾಕಿ ಬಂದಳು.

ನಾವಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫ್ರೆಡ್ರಿಕ್‌ನಲ್ಲಿ. ಪಕ್ಕದ ಕೌಂಟಿ, ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ, ಅದರ ಹೆಸರು ವಾಷಿಂಗ್ಟನ್ ಕೌಂಟಿ. ರಾಜಧಾನಿಗೂ ಅದಕ್ಕೂ ಸಂಬಂಧ ಇಲ್ಲ, ಬರೀ ಹೊಲ, ಗುಡ್ಡ. ಅಲ್ಲಿನ ಹೇಗರ್ಸ್‌ಟೌನ್‌ನಲ್ಲಿ 1901ರಲ್ಲಿ ಕೌಂಟಿಗೆಲ್ಲ ಸೇರಿ ಒಂದು ಲೈಬ್ರರಿ ತೆರೆದರು. ಅದನ್ನು ನೋಡಿಕೊಳ್ಳುತ್ತಿದ್ದ ಮೇರಿ ಟಿಟ್‌ಕಾಂಬ್ ಅನ್ನೋ ಮಹಾತಾಯಿಗೆ ಒಂದೇ ಚಿಂತೆ. ಕಟ್ಟಡ ಊರಲ್ಲಿದೆ, ಹಸು ಕರೆಯೋದು ಬಿಟ್ಟು ರೈತರ ಮನೆಯವರು ಇಲ್ಲಿಗೆ ಯಾಕೆ ಬರ್ತಾರೆ? ಮೊದಲು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಹಳ್ಳಿ ಅಂಗಡಿಗಳಿಗೆ, ಅಂಚೆ ಕಚೇರಿಗಳಿಗೆ ಕಳಿಸಿದರು. ಅದೂ ಸಾಲದು ಅನ್ನಿಸಿ 1905ರಲ್ಲಿ ಕುದುರೆ ಗಾಡಿಯನ್ನೇ ಮಾಡಿಸಿದರು. ಎರಡು ಪಕ್ಕಕ್ಕೂ ಪುಸ್ತಕದ ಕಪಾಟು. ಓಡಿಸುತ್ತಿದ್ದವನು ಜೋಶುವಾ ಥಾಮಸ್, ಲೈಬ್ರರಿಯಲ್ಲೇ ಜವಾನನ ಕೆಲಸದಲ್ಲಿದ್ದವನು. ಗಾಡಿಗೆ ಕಪ್ಪು ಬಣ್ಣ ಬಳಿದಿದ್ದರಿಂದ ಒಬ್ಬಳು ಹೆಂಗಸು ದೂರದಿಂದಲೇ, ನಮ್ಮ ಮನೆ ಮುಂದೆ ನಿಲ್ಲಿಸಬೇಡ, ಹೆಣದ ಗಾಡಿ ನಮಗೆ ಬೇಕಿಲ್ಲ ಅಂತ ಕೂಗಿದಳಂತೆ. ಆಮೇಲೆ ಚಕ್ರಕ್ಕೆ, ಬಾಗಿಲಿಗೆ ಕೆಂಪು ಬಳಿದರು. 1910ರಲ್ಲಿ ರೈಲು ಹಳಿ ದಾಟುವಾಗ ಗೂಡ್ಸ್ ರೈಲು ಹೊಡೆದು ಗಾಡಿ ಪುಡಿಪುಡಿ. 1912ರಲ್ಲಿ ಮೋಟಾರು ಗಾಡಿ ಬಂತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರಿಗೆ ಹಿಡಿಸಿದ್ದು ಹೆಣದ ಗಾಡಿ ಒಂದೇ. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಮನೆ ಕಂದಾಯದ ಜೊತೆ ಲೈಬ್ರರಿಗೂ ನಲವತ್ತು ವರ್ಷ ಕಟ್ಟಿದ್ದೀನಿ ಕಣೇ" ಅಂದರು. ನಿಜ. ನಮ್ಮಲ್ಲಿ 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಹಾಕ್ತಾರೆ. ಆದರೆ ಊರಲ್ಲಿ ಅಪ್ಪ ಮೆಂಬರ್ ಆಗೋಕೆ ಹೋದಾಗ ಠೇವಣಿ ಕೇಳಿ, ಅದರ ಮೇಲೆ ಗೆಜೆಟೆಡ್ ಆಫೀಸರ ಸಹಿ ಬೇರೆ ತನ್ನಿ ಅಂದಿದ್ದರು. ಪುಸ್ತಕ ಕದಿಯೋಕೇ ಬಂದವರ ಹಾಗೆ ನೋಡಿದರಂತೆ. ಅವತ್ತು ಅಲ್ಲಿಂದ ಎದ್ದು ಬಂದವರು ಮತ್ತೆ ಹೋಗಿಲ್ಲ. ಜೆರಾಕ್ಸು, ಫೋಟೋ ಸಮೇತ ಹೋಗೋದು ಅವತ್ತು ಕಲಿತ ಪಾಠ ಅನ್ಸುತ್ತೆ.

ಹಾಗಂತ ಈ ದೇಶವನ್ನು ತಲೆ ಮೇಲೆ ಹೊತ್ತು ಕುಣಿಯೋ ಜನ ನಮ್ಮಲ್ಲಿ ಜಾಸ್ತಿ, ನಾನು ಆ ಗುಂಪಲ್ಲಿಲ್ಲ. 1961ರ ಮಾರ್ಚಿನಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಲೈಬ್ರರಿಗೆ ಹೋಗಿ ಓದುತ್ತಾ ಕೂತರು ಅಂತ ಪೊಲೀಸರು ಹಿಡಿದುಕೊಂಡು ಹೋದರು. ಅವರನ್ನು ಯಾರೂ ರಾತ್ರಿ ಮಲಗೋದೆಲ್ಲಿ ಅಂತ ಕೇಳಲಿಲ್ಲ. ಕೇಳಿದ್ದರೆ ಅವರ ಹತ್ತಿರ ಅಪ್ಪನಿಗಿಂತ ಗಟ್ಟಿ ಉತ್ತರ ಇತ್ತು, ಅಲ್ವಾ? ಅದಕ್ಕೇ ಇರಬೇಕು, ಆ ಹೆಂಗಸಿನ ಮಾತು ನನ್ನ ಕಿವಿಯಿಂದ ಹೋಗ್ತಾನೇ ಇಲ್ಲ. ಹಾಗಾದ್ರೆ ಇಲ್ಲೇ ವಾಸ ಇದ್ದೀರಿ. ಆಕೆಗೆ ಅದು ದಿನಕ್ಕೆ ಇಪ್ಪತ್ತು ಸಲ ಹೇಳೋ ಮಾತಿರಬಹುದು.

ಶುಕ್ರವಾರ ಕಾಗದ ಬಂತು. ಅಪ್ಪನ ಹೆಸರು ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಲ್ಲಿ ಒಂದು ಸಲ, ಎರಡೂ ವಾರೆಯಾಗಿ. ಶನಿವಾರ ಅದೇ ಕೌಂಟರು, ಅದೇ ಹೆಂಗಸು. ಕವರನ್ನು ತಿರುಗಿಸಿ ಮುದ್ರೆ ನೋಡಿ, ಕನ್ನಡ ಅಕ್ಷರದ ಮೇಲೆ ಬೆರಳಿಟ್ಟು ಚೆನ್ನಾಗಿದೆ ಅಂದರು. ಐದು ನಿಮಿಷಕ್ಕೆ ಕಾರ್ಡು. ಅಪ್ಪ ದೊಡ್ಡಕ್ಷರದ ಪತ್ತೇದಾರಿ ಕಾದಂಬರಿ ಎರಡು ತಂದರು. ತಡವಾದರೆ ಎಷ್ಟು ದಂಡ ಅಂತ ಕೇಳಿ, ದಂಡ ಇಲ್ಲ ಅಂದಿದ್ದಕ್ಕೆ ಬೇಜಾರು ಬೇರೆ ಮಾಡಿಕೊಂಡರು.

ಕಾಗದವನ್ನು ಇನ್ನೂ ಒಡೆದಿಲ್ಲ. ಮಗಳು ದಿನಾ "ತಾತ, ಓದಿದ್ರಾ?" ಅಂತ ಕೇಳ್ತಾಳೆ.

"ಒಡೆದ್ರೆ ಪ್ರೂಫ್ ಹಾಳಾಗುತ್ತಲ್ಲ ಮರಿ" ಅಂತಾರೆ, ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಂಡು.